ಸರ್ಕಾರಿ ಶಾಲಾ ಶಿಕ್ಷಕರ ನಿವೃತ್ತಿ ವೇತನ: ಸೇವಾ ಪುಸ್ತಕದಿಂದ ಮೊದಲ ಪಿಂಚಣಿಯವರೆಗೆ

ಕರ್ನಾಟಕದ ಸರ್ಕಾರಿ ಪ್ರಾಥಮಿಕ ಮತ್ತು ಪ್ರೌಢಶಾಲೆಗಳ ಅನೇಕ ಶಿಕ್ಷಕರು ಪಿಂಚಣಿಯ ಬಗ್ಗೆ ಗಂಭೀರವಾಗಿ ವಿಚಾರಿಸಲು ತೊಡಗುವುದು ನಿವೃತ್ತಿಗೆ ಆರೇಳು ತಿಂಗಳು ಉಳಿದಿರುವಾಗ. ಆದರೆ ಪಿಂಚಣಿಯ ಮೊತ್ತವನ್ನು ತೀರ್ಮಾನಿಸುವ ಸಂಗತಿಗಳು ಆ ಹೊತ್ತಿಗೆ ಬಹುಮಟ್ಟಿಗೆ ಸೇವಾ ಪುಸ್ತಕದಲ್ಲಿ ದಾಖಲಾಗಿ, ಅಥವಾ ದಾಖಲಾಗದೆ, ಮುಗಿದುಹೋಗಿರುತ್ತವೆ. ಮಹಾಲೇಖಪಾಲರ ಕಚೇರಿಯಲ್ಲಿ ನಿಮ್ಮ ಕಡತವನ್ನು ಪರಿಶೀಲಿಸುವವರು ನಿಮ್ಮ ಶಾಲೆಯನ್ನು ಕಂಡವರಲ್ಲ, ನಿಮ್ಮ ಪಾಠವನ್ನು ಕೇಳಿದವರೂ ಅಲ್ಲ. ಅವರ ಮುಂದಿರುವುದು ಸೇವಾ ಪುಸ್ತಕವೊಂದೇ, ಅದರಲ್ಲಿ ಇಲ್ಲದ ಸೇವೆ ಅವರ ಲೆಕ್ಕದಲ್ಲಿಯೂ ಇರುವುದಿಲ್ಲ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಲೆಕ್ಕಾಚಾರದ ಸೂತ್ರಗಳಿಗೆ ಕೊಟ್ಟಷ್ಟೇ ಸ್ಥಳವನ್ನು ದಾಖಲೆಗಳಿಗೂ ಕೊಡಲಾಗಿದೆ.

ಮೊದಲ ಹೆಜ್ಜೆ: ನೀವು ಯಾವ ಯೋಜನೆಗೆ ಸೇರಿದವರು?

2006ರ ಏಪ್ರಿಲ್ 1ಕ್ಕೆ ಮೊದಲು ರಾಜ್ಯ ಸರ್ಕಾರಿ ಸೇವೆಗೆ ಸೇರಿದವರಿಗೆ ಕರ್ನಾಟಕ ಸೇವಾ ನಿಯಮಾವಳಿಯ ನಾಲ್ಕನೆಯ ಭಾಗದಲ್ಲಿರುವ ನಿಶ್ಚಿತ ಪಿಂಚಣಿ ಅನ್ವಯಿಸುತ್ತದೆ. ಇದನ್ನೇ ಇಂದು ಹಳೆಯ ಪಿಂಚಣಿ ಅಥವಾ ಒಪಿಎಸ್ ಎಂದು ಕರೆಯುವುದು ರೂಢಿಯಾಗಿದೆ. ಆ ದಿನ ಅಥವಾ ಅದರ ನಂತರ ಸೇರಿದವರು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ, ಅಂದರೆ ಎನ್‌ಪಿಎಸ್‌ಗೆ ಒಳಪಡುತ್ತಾರೆ. ಕೇಂದ್ರ ಸರ್ಕಾರ 2025ರ ಏಪ್ರಿಲ್ 1ರಿಂದ ಜಾರಿಗೆ ತಂದ ಏಕೀಕೃತ ಪಿಂಚಣಿ ಯೋಜನೆಯ ಬಗ್ಗೆ ಶಿಕ್ಷಕರ ನಡುವೆ ಸಾಕಷ್ಟು ಚರ್ಚೆ ನಡೆಯುತ್ತಿದ್ದರೂ ಅದು ಕೇಂದ್ರ ನೌಕರರಿಗಾಗಿ ರೂಪಿಸಿದ್ದು. ರಾಜ್ಯ ಸರ್ಕಾರ ಪ್ರತ್ಯೇಕ ಆದೇಶ ಹೊರಡಿಸದೆ ಅದು ರಾಜ್ಯದ ಶಿಕ್ಷಕರಿಗೆ ತಾನಾಗಿಯೇ ಅನ್ವಯಿಸುವುದಿಲ್ಲ.

ಈ ಗಡಿರೇಖೆಯ ಆಚೀಚೆ ಎರಡು ಗುಂಪಿನವರು ವಿಶೇಷವಾಗಿ ಎಚ್ಚರ ವಹಿಸಬೇಕು. ನೇಮಕಾತಿ ಅಧಿಸೂಚನೆ 2006ರ ಏಪ್ರಿಲ್ 1ಕ್ಕೆ ಮೊದಲೇ ಹೊರಬಿದ್ದು, ಪ್ರಕ್ರಿಯೆ ತಡವಾದ ಕಾರಣ ಆ ದಿನದ ನಂತರ ಕೆಲಸಕ್ಕೆ ಹಾಜರಾದವರು ಮೊದಲನೆಯ ಗುಂಪು. ಇಂಥವರಿಗೆ ಹಳೆಯ ಪಿಂಚಣಿಯನ್ನು ಒಮ್ಮೆ ಮಾತ್ರ ಆಯ್ದುಕೊಳ್ಳುವ ಅವಕಾಶವನ್ನು ರಾಜ್ಯ ಸರ್ಕಾರ 2024ರ ಜನವರಿಯಲ್ಲಿ ನೀಡಿತು. ಅಭಿಮತ ಕೊಟ್ಟವರು ಅದನ್ನು ಅಂಗೀಕರಿಸಿದ ಆದೇಶವು ಸೇವಾ ಪುಸ್ತಕದಲ್ಲಿ ನಮೂದಾಗಿದೆಯೇ, ಎನ್‌ಪಿಎಸ್ ಕಡಿತ ನಿಂತಿದೆಯೇ ಎಂದು ನೋಡಿಕೊಳ್ಳಬೇಕು. ಎರಡನೆಯ ಗುಂಪಿನವರು 2006ಕ್ಕೆ ಮೊದಲು ಪ್ರಾಥಮಿಕ ಶಾಲಾ ಶಿಕ್ಷಕರಾಗಿದ್ದು, ಆಮೇಲೆ ನೇರ ನೇಮಕಾತಿಯ ಮೂಲಕ ಪ್ರೌಢಶಾಲೆಗೋ ಬೇರೆ ಇಲಾಖೆಗೋ ಹೋದವರು. ಇಲಾಖೆಯ ಅನುಮತಿ ಪಡೆದು ಅರ್ಜಿ ಹಾಕಿ, ಹೊಸ ಹುದ್ದೆಗೆ ಹೋಗುವ ಸಲುವಾಗಿಯೇ ಬಿಡುಗಡೆ ಹೊಂದಿದ್ದರೆ ಹಿಂದಿನ ಸೇವೆ ಮುಂದುವರಿಯುತ್ತದೆ. ಅನುಮತಿಯಿಲ್ಲದೆ ಬರಿಯ ರಾಜೀನಾಮೆ ಕೊಟ್ಟು ಹೋಗಿದ್ದರೆ ಹಿಂದಿನ ಸೇವೆ ನಷ್ಟವಾಗುತ್ತದೆ. ಒಂದು ನಿರಾಕ್ಷೇಪಣಾ ಪತ್ರ ಇಷ್ಟು ದೊಡ್ಡ ವ್ಯತ್ಯಾಸ ಮಾಡುತ್ತದೆಯೆಂಬುದು ಆ ಪತ್ರವನ್ನು ಪಡೆಯುವ ಹೊತ್ತಿನಲ್ಲಿ ಯಾರಿಗೂ ಹೊಳೆಯುವುದಿಲ್ಲ.

ಎರಡನೆಯ ಹೆಜ್ಜೆ: ನಿವೃತ್ತಿಯ ದಿನವನ್ನು ಖಚಿತಪಡಿಸಿಕೊಳ್ಳಿ

ವಯೋನಿವೃತ್ತಿಯ ವಯಸ್ಸು 60. ಅರುವತ್ತು ತುಂಬುವ ತಿಂಗಳಿನ ಕೊನೆಯ ದಿನದ ಅಪರಾಹ್ನ ನಿವೃತ್ತಿ. ತಿಂಗಳ ಮೊದಲ ದಿನವೇ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗುತ್ತಾರೆ. ಶಾಲೆಗೆ ಸೇರಿಸುವಾಗ ಜೂನ್ 1 ಎಂದು ಬರೆಸಿಕೊಂಡ ತಲೆಮಾರಿನ ಶಿಕ್ಷಕರು ಇನ್ನೂ ಸೇವೆಯಲ್ಲಿದ್ದಾರೆ, ಅವರೆಲ್ಲ ಮೇ 31ರಂದೇ ಬಿಡುಗಡೆಗೆ ಸಿದ್ಧರಾಗಿರಬೇಕು. ಹುಟ್ಟಿದ ದಿನಾಂಕ ತಪ್ಪಾಗಿದೆಯೆಂದು ಸೇವೆಯ ಕೊನೆಯಲ್ಲಿ ಅರ್ಜಿ ಹಾಕುವುದರಿಂದ ಪ್ರಯೋಜನವಿಲ್ಲ. 1974ರ ಕರ್ನಾಟಕ ರಾಜ್ಯ ಸರ್ಕಾರಿ ನೌಕರರ ವಯಸ್ಸು ನಿರ್ಧಾರಣ ಅಧಿನಿಯಮದ ಪ್ರಕಾರ ಸೇವೆಗೆ ಸೇರಿದ ಮೂರು ವರ್ಷಗಳೊಳಗೆ ಮಾತ್ರ ತಿದ್ದುಪಡಿ ಕೋರಬಹುದು.

ಅರುವತ್ತಕ್ಕೆ ಮೊದಲೇ ಹೋಗಬಯಸುವವರಿಗೆ ಸ್ವಇಚ್ಛಾ ನಿವೃತ್ತಿಯ ಅವಕಾಶವಿದೆ. 15 ವರ್ಷಗಳ ಅರ್ಹತಾದಾಯಕ ಸೇವೆ, ಅಂದರೆ ಪಿಂಚಣಿಯ ಲೆಕ್ಕಕ್ಕೆ ಬರುವ ಸೇವೆ, ಮುಗಿಸಿದವರು ಅಥವಾ 50 ವರ್ಷ ತುಂಬಿದವರು ಮೂರು ತಿಂಗಳ ಮುಂಚಿತ ನೋಟಿಸು ಕೊಟ್ಟು ಕೋರಬಹುದು. ಇದನ್ನೂ ರಾಜೀನಾಮೆಯನ್ನೂ ಒಂದೇ ಎಂದು ಭಾವಿಸಬಾರದು. ಸ್ವಇಚ್ಛಾ ನಿವೃತ್ತಿಯಲ್ಲಿ ಪಿಂಚಣಿ ಉಳಿಯುತ್ತದೆ, ರಾಜೀನಾಮೆಯಲ್ಲಿ ಉಳಿಯುವುದಿಲ್ಲ. ಅನಾರೋಗ್ಯದಿಂದ ಬಳಲಿ, ಬೇಸತ್ತು, ಬಿಳಿಹಾಳೆಯ ಮೇಲೆ ರಾಜೀನಾಮೆ ಎಂಬ ಪದ ಬರೆದುಕೊಡುವ ಮುನ್ನ ಇದೊಂದನ್ನು ನೆನಪಿಡಬೇಕು.

ಮೂರನೆಯ ಹೆಜ್ಜೆ: ಸೇವಾ ಪುಸ್ತಕವನ್ನು ಪುಟಪುಟವಾಗಿ ಓದಿ

ನಿವೃತ್ತಿಗೆ ಕನಿಷ್ಠ ಎರಡು ವರ್ಷ ಇರುವಾಗಲೇ ಈ ಕೆಲಸವನ್ನು ಮಾಡಬೇಕು. ಪ್ರಾಥಮಿಕ ಶಾಲಾ ಶಿಕ್ಷಕರ ಸೇವಾ ಪುಸ್ತಕಗಳು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿರುತ್ತವೆ. ಪ್ರೌಢಶಾಲೆಯವರದು ಸಾಮಾನ್ಯವಾಗಿ ವೇತನ ಬಟವಾಡೆ ಅಧಿಕಾರಿಯೂ ಆಗಿರುವ ಮುಖ್ಯ ಶಿಕ್ಷಕರ ಸುಪರ್ದಿಯಲ್ಲಿರುತ್ತದೆ. ಸೇವಾ ಪುಸ್ತಕವನ್ನು ನೋಡುವುದು ನೌಕರನ ಹಕ್ಕು, ಯಾರ ಕೃಪೆಯೂ ಅಲ್ಲ. ಸಾಧ್ಯವಾದರೆ ಪ್ರತಿಯೊಂದು ಪುಟದ ನಕಲನ್ನು ಇಟ್ಟುಕೊಳ್ಳಿ.

ಓದುವಾಗ ಹುಡುಕಬೇಕಾದದ್ದು ಒಂದೇ: ಸೇವೆಗೆ ಸೇರಿದ ದಿನದಿಂದ ಇಂದಿನವರೆಗೆ ಒಂದು ದಿನವೂ ಬಿಟ್ಟುಹೋಗದಂತೆ ಸೇವೆ ದೃಢೀಕರಣಗೊಂಡಿದೆಯೇ? ಪ್ರತಿ ವರ್ಷದ ಸೇವಾ ಪರಿಶೀಲನೆಯ ನಮೂದಿನ ಕೆಳಗೆ ಅಧಿಕಾರಿಯ ಸಹಿ ಮತ್ತು ಮೊಹರು ಇರಬೇಕು. ವರ್ಗಾವಣೆಯಾದಾಗ ಹಿಂದಿನ ಶಾಲೆಯಿಂದ ಬಿಡುಗಡೆಯಾದ ದಿನ ಮತ್ತು ಹೊಸ ಶಾಲೆಗೆ ಹಾಜರಾದ ದಿನ, ನಡುವಿನ ಸೇರಿಕೆ ಕಾಲ, ಎಲ್ಲವೂ ಒಂದಕ್ಕೊಂದು ಕೂಡಿಕೊಳ್ಳಬೇಕು. ಕ್ಲಸ್ಟರ್ ಅಥವಾ ಬ್ಲಾಕ್ ಸಂಪನ್ಮೂಲ ವ್ಯಕ್ತಿಯಾಗಿ (ಸಿಆರ್‌ಪಿ, ಬಿಆರ್‌ಪಿ) ಕೆಲಸ ಮಾಡಿದ ವರ್ಷಗಳು, ನಿಯೋಜನೆಯ ಮೇಲೆ ಬೇರೆಡೆ ಇದ್ದ ಅವಧಿ, ಉನ್ನತ ವ್ಯಾಸಂಗಕ್ಕೆ ಹೋಗಿದ್ದ ಕಾಲ, ಇವುಗಳ ನಮೂದು ಬಿಟ್ಟುಹೋಗುವ ಸಾಧ್ಯತೆ ಹೆಚ್ಚು, ಏಕೆಂದರೆ ಆಗ ವೇತನ ಒಂದು ಕಚೇರಿಯಿಂದ ಆಗುತ್ತಿದ್ದು ಪುಸ್ತಕ ಇನ್ನೊಂದು ಕಚೇರಿಯಲ್ಲಿ ಉಳಿದಿರುತ್ತದೆ. ಖಾಲಿ ಬಿದ್ದ ವರ್ಷಗಳಿಗೆ ಅಂದಿನ ವೇತನ ಬಿಲ್ಲು ಮತ್ತು ಹಾಜರಾತಿ ವಹಿಯ ಆಧಾರದಲ್ಲಿ ದೃಢೀಕರಣ ಬರೆಸಬಹುದು, ಆದರೆ ಹಳೆಯ ಬಿಲ್ಲುಗಳನ್ನು ಹುಡುಕಲು ತಿಂಗಳುಗಳೇ ಹಿಡಿಯಬಹುದು.

ಎಲ್ಲ ಸೇವೆಯೂ ಪಿಂಚಣಿಗೆ ಅರ್ಹವಲ್ಲ. ವೈದ್ಯಕೀಯ ಪ್ರಮಾಣಪತ್ರವಿಲ್ಲದ ಅಸಾಧಾರಣ ರಜೆ, ಸೇವೆಯಲ್ಲವೆಂದು ತೀರ್ಮಾನಿಸಿದ ಅನಧಿಕೃತ ಗೈರುಹಾಜರಿ, ಕರ್ತವ್ಯವೆಂದು ಪರಿಗಣಿಸದ ಅಮಾನತಿನ ಅವಧಿ, ಇವು ಒಟ್ಟು ಸೇವೆಯಿಂದ ಕಳೆದುಹೋಗುತ್ತವೆ. ಅಮಾನತಿನ ಅವಧಿಯನ್ನು ಹೇಗೆ ಪರಿಗಣಿಸಲಾಯಿತೆಂಬ ಅಂತಿಮ ಆದೇಶ ಪುಸ್ತಕದಲ್ಲಿ ಇಲ್ಲದಿದ್ದರೆ ಪಿಂಚಣಿ ಕಡತ ಅಲ್ಲಿಯೇ ನಿಲ್ಲುತ್ತದೆ. ಅತಿಥಿ ಶಿಕ್ಷಕರಾಗಿ ದುಡಿದ ವರ್ಷಗಳು ಲೆಕ್ಕಕ್ಕೆ ಬರುವುದಿಲ್ಲ. ಗಳಿಕೆ ರಜೆ, ಅರ್ಧ ವೇತನ ರಜೆ, ಹೆರಿಗೆ ರಜೆಗಳಿಗೆ ಯಾವ ತೊಂದರೆಯೂ ಇಲ್ಲ. ಕೋರಿಕೆಯ ಮೇರೆಗೆ ಬೇರೆ ಜಿಲ್ಲೆಗೆ ವರ್ಗವಾದವರು ಜ್ಯೇಷ್ಠತೆಯನ್ನು ಕಳೆದುಕೊಂಡಿರುತ್ತಾರೆಯೇ ಹೊರತು ಪಿಂಚಣಿಗೆ ಅರ್ಹವಾದ ಸೇವೆಯನ್ನಲ್ಲ. ಇವೆರಡನ್ನು ಬೆರೆಸಿಕೊಂಡು ಆತಂಕಪಡುವವರು ಇರುವುದರಿಂದ ಇದನ್ನು ಬಿಡಿಸಿ ಹೇಳಬೇಕಾಯಿತು.

ನಾಲ್ಕನೆಯ ಹೆಜ್ಜೆ: ಕೊನೆಯ ವೇತನ ಸರಿಯಾಗಿದೆಯೇ?

ಪಿಂಚಣಿಯ ಲೆಕ್ಕ ನಿಂತಿರುವುದು ಕೊನೆಯದಾಗಿ ಪಡೆದ ಮೂಲ ವೇತನದ ಮೇಲೆ. ಆದ್ದರಿಂದ 10 ವರ್ಷಗಳ ಕಾಲಮಿತಿ ಬಡ್ತಿ, 15 ವರ್ಷಗಳ ಸ್ವಯಂಚಾಲಿತ ವಿಶೇಷ ಬಡ್ತಿ, 20, 25 ಮತ್ತು 30 ವರ್ಷಗಳ ಹೆಚ್ಚುವರಿ ವೇತನ ಬಡ್ತಿ, ಇವೆಲ್ಲ ಆಯಾ ಕಾಲಕ್ಕೆ ಮಂಜೂರಾಗಿ ನಮೂದಾಗಿವೆಯೇ ಎಂದು ಪರಿಶೀಲಿಸಬೇಕು. ಏಳನೆಯ ರಾಜ್ಯ ವೇತನ ಆಯೋಗದ ಪರಿಷ್ಕರಣೆ 2022ರ ಜುಲೈ 1ರಿಂದ ಕಾಲ್ಪನಿಕವಾಗಿ, 2024ರ ಆಗಸ್ಟ್ 1ರಿಂದ ಆರ್ಥಿಕವಾಗಿ ಜಾರಿಗೆ ಬಂದಿದ್ದು, ಆ ವೇತನ ನಿಗದಿಯ ತಃಖ್ತೆಯೂ ಪುಸ್ತಕದಲ್ಲಿರಬೇಕು. ತಪ್ಪಾಗಿ ಹೆಚ್ಚು ನಿಗದಿಯಾಗಿದ್ದರೂ ಅದು ಕೊನೆಯ ಹಂತದಲ್ಲಿ ಹೊರಬಂದು ಉಪದಾನದಿಂದ, ಅಂದರೆ ನಿವೃತ್ತಿಯಾದಾಗ ಒಂದೇ ಬಾರಿ ಕೊಡುವ ಗ್ರಾಚ್ಯುಟಿಯಿಂದ, ವಸೂಲಾತಿಯ ಪ್ರಶ್ನೆ ಎದ್ದೀತು. ಹೀಗಾಗಿ ಕಡಿಮೆಯಾಗಿದೆಯೇ ಎಂದು ನೋಡುವಷ್ಟೇ ಶ್ರದ್ಧೆಯಿಂದ ಹೆಚ್ಚಾಗಿದೆಯೇ ಎಂದೂ ನೋಡುವುದು ವಿವೇಕ.

ಜೂನ್ 30 ಅಥವಾ ಡಿಸೆಂಬರ್ 31ರಂದು ನಿವೃತ್ತರಾಗಿ, ಮರುದಿನವೇ ವಾರ್ಷಿಕ ವೇತನ ಬಡ್ತಿ ಬರಬೇಕಾಗಿದ್ದವರ ಪ್ರಶ್ನೆ ದೀರ್ಘಕಾಲ ವಿವಾದದಲ್ಲಿತ್ತು. ಕರ್ನಾಟಕ ವಿದ್ಯುತ್ ಪ್ರಸರಣ ನಿಗಮದ (ಕೆಪಿಟಿಸಿಎಲ್) ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2023ರ ಏಪ್ರಿಲ್‌ನಲ್ಲಿ, ಒಂದು ವರ್ಷದ ಸೇವೆಯಿಂದ ಗಳಿಸಿದ ಬಡ್ತಿಯನ್ನು ಮರುದಿನ ಸೇವೆಯಲ್ಲಿ ಇಲ್ಲವೆಂಬ ಕಾರಣಕ್ಕೆ ನಿರಾಕರಿಸುವಂತಿಲ್ಲ ಎಂದು ತೀರ್ಪಿತ್ತಿತು. ಈ ದಿನಗಳಲ್ಲಿ ನಿವೃತ್ತರಾಗುವವರು ಪಿಂಚಣಿ ಲೆಕ್ಕಕ್ಕೆ ಆ ಬಡ್ತಿಯನ್ನು ಪರಿಗಣಿಸುವಂತೆ ಲಿಖಿತ ಮನವಿ ಕೊಡುವುದು ಒಳ್ಳೆಯದು.

ಐದನೆಯ ಹೆಜ್ಜೆ: ಲೆಕ್ಕ ಹಾಕುವ ಬಗೆ

ಪಿಂಚಣಿ ದೊರೆಯಲು ಕನಿಷ್ಠ 10 ವರ್ಷಗಳ ಅರ್ಹತಾದಾಯಕ ಸೇವೆ ಬೇಕು. ಅದಕ್ಕಿಂತ ಕಡಿಮೆಯಿದ್ದರೆ ತಿಂಗಳ ಪಿಂಚಣಿಯಿಲ್ಲ, ಒಂದೇ ಬಾರಿ ಕೊಡುವ ಸೇವಾ ಉಪದಾನ ಮಾತ್ರ. ಪೂರ್ಣ ಪಿಂಚಣಿಗೆ ಹಿಂದೆ 33 ವರ್ಷ ಬೇಕಾಗುತ್ತಿತ್ತು, ಈಗ 30 ವರ್ಷ ಸಾಕು. ಪೂರ್ಣ ಪಿಂಚಣಿಯೆಂದರೆ ಕೊನೆಯ ವೇತನದ ಶೇಕಡ 50. ಸೇವೆ 30 ವರ್ಷಕ್ಕಿಂತ ಕಡಿಮೆಯಿದ್ದರೆ ಅದೇ ಪ್ರಮಾಣದಲ್ಲಿ ಪಿಂಚಣಿಯೂ ಇಳಿಯುತ್ತದೆ. ಸೇವೆಯನ್ನು ಎಣಿಸುವುದು ಆರು ತಿಂಗಳ ಅರ್ಧವರ್ಷಗಳಲ್ಲಿ, ಮತ್ತು ಉಳಿಕೆ ಮೂರು ತಿಂಗಳು ಅಥವಾ ಹೆಚ್ಚಿದ್ದರೆ ಅದನ್ನು ಒಂದು ಅರ್ಧವರ್ಷವೆಂದು ಹಿಡಿಯಲಾಗುತ್ತದೆ. ಏಳನೆಯ ವೇತನ ಆಯೋಗದ ನಂತರ ಕನಿಷ್ಠ ಪಿಂಚಣಿ ತಿಂಗಳಿಗೆ 13,500 ರೂಪಾಯಿ.

ಒಬ್ಬ ಶಿಕ್ಷಕಿಯ ಕೊನೆಯ ಮೂಲ ವೇತನ 80,000 ರೂಪಾಯಿ, ಅರ್ಹ ಸೇವೆ 32 ವರ್ಷ ಎಂದುಕೊಳ್ಳೋಣ. ಮೂಲ ಪಿಂಚಣಿ 40,000 ರೂಪಾಯಿ, ಅದರ ಮೇಲೆ ಕಾಲಕಾಲಕ್ಕೆ ಘೋಷಿಸುವ ತುಟ್ಟಿಭತ್ಯೆ. ಅದೇ ವೇತನದ, ಆದರೆ 24 ವರ್ಷ ಮಾತ್ರ ಸೇವೆಯಾದ ಇನ್ನೊಬ್ಬರಿಗೆ 40,000ದ ಮೂವತ್ತರಲ್ಲಿ ಇಪ್ಪತ್ನಾಲ್ಕು ಪಾಲು, ಅಂದರೆ 32,000 ರೂಪಾಯಿ. ತಡವಾಗಿ ಸೇವೆಗೆ ಸೇರಿದವರಿಗೆ ಒಂದೊಂದು ವರ್ಷದ ನಮೂದು ಏಕೆ ಅಷ್ಟು ಮುಖ್ಯವೆಂಬುದು ಇಲ್ಲಿ ತಿಳಿಯುತ್ತದೆ. ಈ ಉದಾಹರಣೆಯಲ್ಲಿ ಬಿಟ್ಟುಹೋದ ಒಂದು ವರ್ಷದ ಬೆಲೆ ತಿಂಗಳಿಗೆ ಸುಮಾರು 1,333 ರೂಪಾಯಿ, ಅದೂ ಜೀವನಪರ್ಯಂತ.

ಡಿಸಿಆರ್‌ಜಿ ಎಂದು ಕಚೇರಿಗಳಲ್ಲಿ ಕರೆಯುವ ನಿವೃತ್ತಿ ಉಪದಾನದ ಲೆಕ್ಕ ಬೇರೆ. ಪ್ರತಿ ಅರ್ಧವರ್ಷಕ್ಕೆ ವೇತನದ ಕಾಲು ಭಾಗದಂತೆ, ಗರಿಷ್ಠ ಹದಿನಾರೂವರೆ ಪಟ್ಟು, ಅದೂ ಸರ್ಕಾರ ನಿಗದಿಪಡಿಸಿದ ಮೊತ್ತದ ಮಿತಿಯೊಳಗೆ. ಮೇಲಿನ ಶಿಕ್ಷಕಿಗೆ 64 ಅರ್ಧವರ್ಷಗಳಾಗುವುದರಿಂದ ಹದಿನಾರು ಪಟ್ಟು. ಮೂಲ ವೇತನವೊಂದನ್ನೇ ಹಿಡಿದರೂ 12,80,000 ರೂಪಾಯಿ. ಪಿಂಚಣಿಯ ಲೆಕ್ಕ 30 ವರ್ಷಕ್ಕೆ ನಿಂತರೂ ಉಪದಾನದ ಲೆಕ್ಕ 33 ವರ್ಷದವರೆಗೆ ಬೆಳೆಯುತ್ತದೆ.

ಹೆಚ್ಚು ಯೋಚಿಸಿ ತೀರ್ಮಾನಿಸಬೇಕಾದದ್ದು ಪಿಂಚಣಿ ಪರಿವರ್ತನೆ, ಅಂದರೆ ಕಮ್ಯುಟೇಶನ್. ಪಿಂಚಣಿಯ ಮೂರನೆಯ ಒಂದು ಭಾಗದವರೆಗೆ ಬಿಟ್ಟುಕೊಟ್ಟು ಅದರ ಬದಲಿಗೆ ಒಟ್ಟು ಮೊತ್ತವನ್ನು ಒಮ್ಮೆಗೇ ಪಡೆಯಬಹುದು. ಆ ಮೊತ್ತ ವಯಸ್ಸಿಗೆ ತಕ್ಕ ಕೋಷ್ಟಕದ ಪ್ರಕಾರ ನಿಗದಿಯಾಗುತ್ತದೆ, ಬಿಟ್ಟುಕೊಟ್ಟ ಭಾಗ 15 ವರ್ಷಗಳ ನಂತರ ಮರಳಿ ಸೇರುತ್ತದೆ. 40,000 ಪಿಂಚಣಿಯವರು ತಿಂಗಳಿಗೆ 13,333 ರೂಪಾಯಿ ಬಿಟ್ಟುಕೊಟ್ಟರೆ ಹದಿನೈದು ವರ್ಷಗಳಲ್ಲಿ ಕಡಿತವಾಗುವುದು ಸುಮಾರು 24 ಲಕ್ಷ ರೂಪಾಯಿ, ಕೈಗೆ ಒಮ್ಮೆಗೇ ಬರುವುದು ಅದಕ್ಕಿಂತ ಕಡಿಮೆ. ಇಷ್ಟನ್ನೇ ನೋಡಿ ಇದು ನಷ್ಟದ ವ್ಯವಹಾರವೆನ್ನುವವರು ಮೂರು ಸಂಗತಿಗಳನ್ನು ಮರೆಯುತ್ತಾರೆ: ತುಟ್ಟಿಭತ್ಯೆ ಕಡಿತವಾದ ಪಿಂಚಣಿಯ ಮೇಲಲ್ಲ, ಪೂರ್ಣ ಪಿಂಚಣಿಯ ಮೇಲೆಯೇ ಸಿಗುತ್ತದೆ, ಸರ್ಕಾರಿ ನೌಕರರಿಗೆ ಪರಿವರ್ತನೆಯ ಮೊತ್ತದ ಮೇಲೆ ಆದಾಯ ತೆರಿಗೆಯಿಲ್ಲ, ಪಿಂಚಣಿದಾರರು ನಡುವೆ ತೀರಿಕೊಂಡರೆ ಉಳಿದ ಕಡಿತವನ್ನು ಕುಟುಂಬದಿಂದ ವಸೂಲು ಮಾಡುವುದಿಲ್ಲ. ಮನೆಸಾಲ ತೀರಿಸಬೇಕಾದವರಿಗೆ, ಆರೋಗ್ಯದ ಚಿಂತೆಯಿರುವವರಿಗೆ ಪರಿವರ್ತನೆ ಅನುಕೂಲವೆಂದೇ ನನ್ನ ಅಭಿಪ್ರಾಯ. ಹಣಕ್ಕೆ ನಿರ್ದಿಷ್ಟ ಉದ್ದೇಶವಿಲ್ಲದೆ, ಮಕ್ಕಳ ಅಥವಾ ನೆಂಟರ ವ್ಯಾಪಾರಕ್ಕೆ ಹಾಕಲು ಮಾತ್ರ ಪರಿವರ್ತಿಸುವುದಾದರೆ ತಿಂಗಳ ಪಿಂಚಣಿಯನ್ನು ಇಡಿಯಾಗಿ ಉಳಿಸಿಕೊಳ್ಳುವುದು ಲೇಸು.

ಆರನೆಯ ಹೆಜ್ಜೆ: ಕುಟುಂಬದ ವಿವರ ಮತ್ತು ನಾಮನಿರ್ದೇಶನ

ಕುಟುಂಬ ಪಿಂಚಣಿಗೆ 2002ರ ಕರ್ನಾಟಕ ಸರ್ಕಾರಿ ನೌಕರರ (ಕುಟುಂಬ ಪಿಂಚಣಿ) ನಿಯಮಗಳು ಅನ್ವಯಿಸುತ್ತವೆ. ಸಾಮಾನ್ಯ ದರ ಕೊನೆಯ ವೇತನದ ಶೇಕಡ 30. ಇದನ್ನು ಪರಿವರ್ತನೆಯ ಕಡಿತ ತಟ್ಟುವುದಿಲ್ಲ. ಪತಿ ಪತ್ನಿ ಇಬ್ಬರೂ ಶಿಕ್ಷಕರಾಗಿದ್ದರೆ, ಉಳಿದವರು ತಮ್ಮ ಸ್ವಂತ ಪಿಂಚಣಿಯ ಜೊತೆಗೆ ಕುಟುಂಬ ಪಿಂಚಣಿಯನ್ನೂ ಪಡೆಯಬಹುದು.

ಕುಟುಂಬ ಪಿಂಚಣಿ ನಾಮನಿರ್ದೇಶನದಿಂದ ಬರುವುದಲ್ಲ, ನಿಯಮದಲ್ಲಿ ಹೇಳಿದ ಕ್ರಮದಲ್ಲಿ ಬರುತ್ತದೆ. ಉಪದಾನ, ಭವಿಷ್ಯ ನಿಧಿ, ವಿಮೆ ಇವಕ್ಕೆ ನಾಮನಿರ್ದೇಶನ ಬೇಕು. ಮದುವೆಗೆ ಮೊದಲು ತಂದೆಯ ಅಥವಾ ತಾಯಿಯ ಹೆಸರು ಬರೆದು, ಆಮೇಲೆ ಬದಲಿಸದೆ ಬಿಟ್ಟವರು ಈಗಲೇ ಹೊಸ ನಮೂನೆ ಸಲ್ಲಿಸಬೇಕು. ಅಂಗವೈಕಲ್ಯವುಳ್ಳ, ಸ್ವಂತ ದುಡಿಮೆ ಸಾಧ್ಯವಿಲ್ಲದ ಮಕ್ಕಳಿಗೆ ಜೀವನಪರ್ಯಂತ ಕುಟುಂಬ ಪಿಂಚಣಿ ದೊರೆಯುವ ಅವಕಾಶವಿದೆ. ಅಂಥ ಮಗುವಿನ ಹೆಸರನ್ನು ವೈದ್ಯಕೀಯ ಪ್ರಮಾಣಪತ್ರದೊಂದಿಗೆ ತಂದೆ ತಾಯಿ ಬದುಕಿರುವಾಗಲೇ ಕುಟುಂಬದ ವಿವರದಲ್ಲಿ ಸೇರಿಸಿಡುವುದನ್ನು ಯಾವ ಕಾರಣಕ್ಕೂ ಮುಂದೂಡಬಾರದು. ಸೇವಾ ಪುಸ್ತಕ, ಆಧಾರ್, ಪ್ಯಾನ್ ಮತ್ತು ಬ್ಯಾಂಕ್ ಖಾತೆಗಳಲ್ಲಿ ಹೆಸರಿನ ಕಾಗುಣಿತ ಒಂದೇ ಆಗಿರಲಿ. ಇನಿಷಿಯಲ್ ಒಂದರ ವ್ಯತ್ಯಾಸವೂ ಕಡತ ಹಿಂದಿರುಗಲು ಸಾಕು.

ಏಳನೆಯ ಹೆಜ್ಜೆ: ಎನ್‌ಪಿಎಸ್‌ನಲ್ಲಿರುವವರು ಮಾಡಬೇಕಾದದ್ದು

ಎನ್‌ಪಿಎಸ್‌ನಲ್ಲಿ ನಿಶ್ಚಿತ ಪಿಂಚಣಿಯಿಲ್ಲ. ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇಕಡ 10 ನೌಕರರ ವಂತಿಗೆ, ಶೇಕಡ 14 ಸರ್ಕಾರದ ವಂತಿಗೆ. ಈ ಹಣ ಪ್ರಾನ್ ಎಂಬ ಶಾಶ್ವತ ನಿವೃತ್ತಿ ಖಾತೆ ಸಂಖ್ಯೆಯಡಿಯ ಖಾತೆಯಲ್ಲಿ ಹೂಡಿಕೆಯಾಗಿ ಬೆಳೆಯುತ್ತದೆ. ಅರುವತ್ತಕ್ಕೆ ನಿವೃತ್ತರಾದಾಗ ಸಂಗ್ರಹವಾದ ನಿಧಿಯ ಶೇಕಡ 60ರವರೆಗೆ ಒಮ್ಮೆಗೇ ಪಡೆಯಬಹುದು, ಕನಿಷ್ಠ ಶೇಕಡ 40ರಿಂದ ವರ್ಷಾಶನ, ಅಂದರೆ ವಿಮಾ ಕಂಪನಿಯಿಂದ ನಿಯಮಿತವಾಗಿ ಹಣ ಬರುವ ಆನ್ಯುಟಿ, ಕೊಳ್ಳಬೇಕು. ನಿಧಿ ಸಣ್ಣದಾಗಿದ್ದರೆ ಪೂರ್ತಿ ಹಿಂಪಡೆಯಲು ಅವಕಾಶವಿದೆ. ಅರುವತ್ತಕ್ಕೆ ಮೊದಲೇ ಹೊರಬಂದರೆ ನಿಧಿಯ ಬಹುಪಾಲನ್ನು ವರ್ಷಾಶನಕ್ಕೆ ಹಾಕಬೇಕಾಗುವುದರಿಂದ ಸ್ವಇಚ್ಛಾ ನಿವೃತ್ತಿ ಇವರಿಗೆ ಅಷ್ಟು ಸುಲಭದ ಆಯ್ಕೆಯಲ್ಲ.

ಇಲ್ಲಿ ಸೇವಾ ಪುಸ್ತಕದ ಸ್ಥಾನವನ್ನು ಖಾತೆಯ ವಹಿವಾಟು ವಿವರ ಪಡೆಯುತ್ತದೆ. ಪ್ರತಿ ತಿಂಗಳ ವೇತನ ಚೀಟಿಯಲ್ಲಿ ಕಡಿತವಾದ ಮೊತ್ತ ಮತ್ತು ಸರ್ಕಾರದ ಪಾಲು ಎರಡೂ ಖಾತೆಗೆ ಬಂದಿವೆಯೇ ಎಂದು ವರ್ಷಕ್ಕೊಮ್ಮೆಯಾದರೂ ತಾಳೆ ನೋಡಬೇಕು. ಯೋಜನೆ ಅನ್ವಯವಾದ ಆರಂಭದ ವರ್ಷಗಳ ಬಾಕಿ ವಂತಿಗೆಯ ಬಗ್ಗೆ ವಿಶೇಷ ಗಮನವಿರಲಿ. ವರ್ಷಾಶನದ ಬಗೆಯನ್ನು ಒಮ್ಮೆ ಆರಿಸಿಕೊಂಡ ಮೇಲೆ ಬದಲಿಸುವುದು ಸಾಮಾನ್ಯವಾಗಿ ಸಾಧ್ಯವಿಲ್ಲದ ಕಾರಣ, ತನ್ನ ನಂತರ ಸಂಗಾತಿಗೂ ಮುಂದುವರಿಯುವಂಥದ್ದನ್ನು ಮೊದಲು ಪರಿಶೀಲಿಸುವುದು ಸೂಕ್ತ. ಅದರಲ್ಲಿ ತಿಂಗಳ ಮೊತ್ತ ಸ್ವಲ್ಪ ಕಡಿಮೆಯಾಗುತ್ತದೆ, ಆದರೆ ಸಂಗಾತಿಗೆ ಬೇರೆ ಆದಾಯವಿಲ್ಲದ ಮನೆಯಲ್ಲಿ ಆ ವ್ಯತ್ಯಾಸವನ್ನು ಲೆಕ್ಕಿಸಬೇಕಾಗಿಲ್ಲ. ಎನ್‌ಪಿಎಸ್ ನೌಕರರಿಗೂ ರಾಜ್ಯ ಸರ್ಕಾರ ಉಪದಾನವನ್ನು ವಿಸ್ತರಿಸಿದೆ, ಅದನ್ನು ಪ್ರತ್ಯೇಕವಾಗಿ ಕೋರಬೇಕು.

ಎಂಟನೆಯ ಹೆಜ್ಜೆ: ಕಡತ ಹೊರಡುವುದು

ನಿವೃತ್ತಿಗೆ ಒಂದು ವರ್ಷ ಇರುವಾಗ ಪಿಂಚಣಿ ನಮೂನೆಗಳನ್ನು ತುಂಬಲು ಆರಂಭಿಸಿದರೆ ಕೊನೆಯ ಗಡಿಬಿಡಿ ತಪ್ಪುತ್ತದೆ. ಪಿಂಚಣಿ ಅರ್ಜಿ, ಪರಿವರ್ತನೆಯ ಅರ್ಜಿ, ಕುಟುಂಬದ ವಿವರ, ಪತಿ ಪತ್ನಿಯರ ಜಂಟಿ ಭಾವಚಿತ್ರ, ಮಾದರಿ ಸಹಿ, ಗುರುತಿನ ಚಿಹ್ನೆಗಳು, ಬ್ಯಾಂಕ್ ಖಾತೆಯ ವಿವರ ಮತ್ತು ಸೇವಾ ಪುಸ್ತಕದೊಂದಿಗೆ ಕಡತವು ಮಂಜೂರಾತಿ ಪ್ರಾಧಿಕಾರದ ಮೂಲಕ ಬೆಂಗಳೂರಿನ ಮಹಾಲೇಖಪಾಲರ ಕಚೇರಿಗೆ ಹೋಗುತ್ತದೆ. ಅಲ್ಲಿಂದ ಪಿಂಚಣಿ ಪಾವತಿ ಆದೇಶ, ಉಪದಾನದ ಆದೇಶ ಮತ್ತು ಪರಿವರ್ತನೆಯ ಆದೇಶ ಹೊರಟು ಖಜಾನೆಗೆ ಬರುತ್ತವೆ. ಕಡತವನ್ನು ಯಾವ ದಿನಾಂಕದಂದು, ಯಾವ ಪತ್ರ ಸಂಖ್ಯೆಯಲ್ಲಿ ಕಳುಹಿಸಲಾಯಿತೆಂದು ಬರೆದಿಟ್ಟುಕೊಳ್ಳಿ. ವಿಚಾರಿಸುವಾಗ ಹೆಸರಿಗಿಂತ ಆ ಸಂಖ್ಯೆಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಬೇಬಾಕಿ ಪ್ರಮಾಣಪತ್ರ ಶಿಕ್ಷಕರಿಗೆ, ಅದರಲ್ಲಿಯೂ ಮುಖ್ಯ ಶಿಕ್ಷಕರಿಗೆ, ತಲೆನೋವಿನ ವಿಷಯ. ಅಕ್ಷರ ದಾಸೋಹದ ಲೆಕ್ಕ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಖಾತೆ, ಕಟ್ಟಡ ಅನುದಾನ, ಪಠ್ಯಪುಸ್ತಕ ಮತ್ತು ದಾಸ್ತಾನು ವಹಿ, ಹಳೆಯ ಲೆಕ್ಕಪರಿಶೋಧನೆಯ ಆಕ್ಷೇಪಣೆಗಳು, ಇವೆಲ್ಲ ಹಿಂದಿನ ಶಾಲೆಯಲ್ಲಿ ಉಳಿದಿದ್ದರೂ ಬೆನ್ನಟ್ಟಿಕೊಂಡು ಬರುತ್ತವೆ. ಪ್ರಭಾರ ಹಸ್ತಾಂತರಿಸಿದಾಗಲೆಲ್ಲ ಪಟ್ಟಿಗೆ ಇಬ್ಬರೂ ಸಹಿ ಮಾಡಿದ ಪ್ರತಿಯನ್ನು ಇಟ್ಟುಕೊಂಡವರು ಮಾತ್ರ ಇಲ್ಲಿ ನಿರಾಳ. ಇಲಾಖಾ ವಿಚಾರಣೆ ಬಾಕಿಯಿದ್ದರೆ ತಾತ್ಕಾಲಿಕ ಪಿಂಚಣಿ ಮಾತ್ರ ಮಂಜೂರಾಗಿ ಉಪದಾನ ತಡೆಹಿಡಿಯಲ್ಪಡುತ್ತದೆ. ನಿವೃತ್ತಿಯ ನಂತರವೂ ಕರ್ನಾಟಕ ಸೇವಾ ನಿಯಮಾವಳಿಯ ನಿಯಮ 214ರಡಿ, ನಾಲ್ಕು ವರ್ಷಗಳೊಳಗೆ ನಡೆದ ಘಟನೆಯ ಬಗ್ಗೆ ವಿಚಾರಣೆ ಆರಂಭಿಸುವ ಅಧಿಕಾರ ಸರ್ಕಾರಕ್ಕಿದೆ.

ಒಂಬತ್ತನೆಯ ಹೆಜ್ಜೆ: ಪಿಂಚಣಿಯ ಜೊತೆಗೆ ಬರಬೇಕಾದ ಉಳಿದ ಹಣ

ಗಳಿಕೆ ರಜೆಯನ್ನು ನಿವೃತ್ತಿಯ ಹೊತ್ತಿಗೆ ಗರಿಷ್ಠ 300 ದಿನಗಳವರೆಗೆ ನಗದೀಕರಿಸಬಹುದು. ಶಿಕ್ಷಕರು ಬೇಸಿಗೆ ಮತ್ತು ದಸರಾ ರಜೆ ಪಡೆಯುವ ಇಲಾಖೆಯವರಾದ್ದರಿಂದ ಅವರಿಗೆ ವರ್ಷಕ್ಕೆ 10 ದಿನ ಮಾತ್ರ ಗಳಿಕೆ ರಜೆ ಜಮೆಯಾಗುತ್ತದೆ. ಆದರೆ ರಜಾ ಅವಧಿಯಲ್ಲಿ ಗಣತಿ, ಚುನಾವಣೆ, ತರಬೇತಿ ಮೊದಲಾದ ಕರ್ತವ್ಯಕ್ಕೆ ಕರೆಸಿಕೊಂಡಿದ್ದರೆ ಅದಕ್ಕೆ ತಕ್ಕಂತೆ ಹೆಚ್ಚುವರಿ ರಜೆ ಸೇರಬೇಕು. ಆ ಆದೇಶಗಳ ಪ್ರತಿಯನ್ನು ಜೋಪಾನ ಮಾಡದೆ ಎಷ್ಟೋ ಮಂದಿ ಹತ್ತಾರು ದಿನಗಳ ರಜೆಯನ್ನು ಸುಮ್ಮನೆ ಕಳೆದುಕೊಂಡಿರುತ್ತಾರೆ.

ಸಾಮಾನ್ಯ ಭವಿಷ್ಯ ನಿಧಿಯ ಅಂತಿಮ ಪಾವತಿ, ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ (ಕೆಜಿಐಡಿ) ಪಾಲಿಸಿಗಳ ಮೊತ್ತ, ಗುಂಪು ವಿಮಾ ಯೋಜನೆಯ ಉಳಿತಾಯದ ಪಾಲು, ಇವು ತಾವಾಗಿ ಬರುವುದಿಲ್ಲ, ಒಂದೊಂದಕ್ಕೂ ಪ್ರತ್ಯೇಕ ಅರ್ಜಿ ಬೇಕು. ಕೆಜಿಐಡಿಯಲ್ಲಿ ಒಬ್ಬರಿಗೇ ಮೂರು ನಾಲ್ಕು ಪಾಲಿಸಿಗಳಿರುವುದು ಸಾಮಾನ್ಯ, ಪ್ರತಿಯೊಂದರ ಬಾಂಡ್ ಮತ್ತು ಕಂತಿನ ನಮೂದನ್ನು ಹೊಂದಿಸಿಕೊಂಡಿರಿ.

ನಿವೃತ್ತಿಯ ನಂತರ

ಪ್ರತಿ ವರ್ಷ ನವೆಂಬರ್‌ನಲ್ಲಿ ಜೀವಿತ ಪ್ರಮಾಣಪತ್ರ ಸಲ್ಲಿಸಬೇಕು. ಬ್ಯಾಂಕಿಗೆ ಹೋಗಲಾಗದವರು ಆಧಾರ್ ಆಧಾರಿತ ಜೀವನ್ ಪ್ರಮಾಣ್ ಮೂಲಕ ಮನೆಯಿಂದಲೇ ಸಲ್ಲಿಸಬಹುದು. ತಿಂಗಳ ಪಿಂಚಣಿಯನ್ನು ಆದಾಯ ತೆರಿಗೆಯಲ್ಲಿ ವೇತನದಂತೆಯೇ ಪರಿಗಣಿಸಲಾಗುತ್ತದೆ, ಕುಟುಂಬ ಪಿಂಚಣಿಯನ್ನು ಇತರ ಮೂಲದ ಆದಾಯವೆಂದು. 80 ವರ್ಷ ತುಂಬಿದಾಗ ಮೂಲ ಪಿಂಚಣಿಯ ಶೇಕಡ 20ರಷ್ಟು ಹೆಚ್ಚುವರಿ ಪಿಂಚಣಿ ಸೇರಬೇಕು. ಹುಟ್ಟಿದ ದಿನಾಂಕ ಪಾವತಿ ಆದೇಶದಲ್ಲಿ ಸರಿಯಾಗಿಲ್ಲದಿದ್ದರೆ ಅದು ತಡವಾಗುತ್ತದೆ. ಕುಟುಂಬ ಪಿಂಚಣಿ ಪಡೆಯಲಿರುವ ಸಂಗಾತಿಯ ಹುಟ್ಟಿದ ದಿನಾಂಕವೂ ಅದೇ ಆದೇಶದಲ್ಲಿ ನಮೂದಾಗಿದೆಯೇ ಎಂದು ಪ್ರತಿ ಕೈಗೆ ಬಂದ ದಿನವೇ ನೋಡಿ, ಇಲ್ಲದಿದ್ದರೆ ಖಜಾನೆಯ ಮೂಲಕ ತಿದ್ದುಪಡಿಗೆ ಬರೆಯಿರಿ.